ಎಂಜಿನ್ನಿನ ಕರಿಎಣ್ಣೆ ಮತ್ತು ಅಬ್ಬಿಯ ನೀರು

(ಬಳಗದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಣ್ಣಿನ ಆರೋಗ್ಯದ ಕುರಿತು ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕರೆದಿದ್ದಾರೆ. ಮಣ್ಣಿನ ಬಗೆಗೇ ಮಾತನಾಡುತ್ತೇನೆ. ಆದರೆ ಮಾತನ್ನು ತೋಟದಿಂದಾಗಲೀ ಗದ್ದೆಯಿಂದಾಗಲೀ ಆರಂಭಿಸದೆ, ಒಂದು ಡೀಸೆಲ್ ವಾಹನದ ಅಡಿಯಿಂದ ಆರಂಭಿಸುತ್ತೇನೆ. ಹೊರಗೆ ಹಲಸಿನ ಮರದ ಕೆಳಗೆ ನಿಂತಿರುವ ಜೀಪು, ಕಾರುಗಳಲ್ಲಿ ಹೆಚ್ಚಿನವು ಡೀಸೆಲ್ ಕುಡಿಯುವಂಥವು. ಅವುಗಳಲ್ಲಿ ಒಂದು ನನ್ನದು. ಬಸ್ಸು ಬಾರದ ಊರಿನಲ್ಲಿ ಬಾಣಂತಿಯನ್ನೂ ಅಡಿಕೆ ಮೂಟೆಯನ್ನೂ ಘಟ್ಟ ಹತ್ತಿಸುವ ವಾಹನವನ್ನು ದೂಷಿಸುವ ಉದ್ದೇಶ ನನಗಿಲ್ಲ. ಅದರ ಹೊಟ್ಟೆಯಿಂದ ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ನಾವು ಹೊರತೆಗೆಯುವ ಕಪ್ಪು ದ್ರವದ ಕತೆಯಷ್ಟೇ ನನ್ನ ಇಂದಿನ ವಿಷಯ.

ಎಣ್ಣೆ ಬದಲಿಸುವಾಗ ನಾವೆಲ್ಲರೂ ಕೇಳುವ ಪ್ರಶ್ನೆಯೊಂದಿದೆ: ಹಳೆಯ ಎಣ್ಣೆ ಪೂರ್ತಿ ಹೊರಬಂದಿತೇ? ದುಬಾರಿ ಹೊಸ ಎಣ್ಣೆ ಸುರಿದು ನೂರು ಕಿಲೋಮೀಟರ್ ಓಡಿಸಿ ಕಡ್ಡಿ ಎಳೆದು ನೋಡಿದರೆ ಮತ್ತೆ ಅದೇ ಕಾಡಿಗೆಯ ಬಣ್ಣ. ಮೆಕ್ಯಾನಿಕ್ ಸರಿಯಾಗಿ ಬಸಿಯಲಿಲ್ಲವೆಂದು ಮುನಿಸಿಕೊಳ್ಳುತ್ತೇವೆ. ಈ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಪೂರ್ತಿ ಹೊರಬರುವುದಿಲ್ಲ. ಬರಲು ಸಾಧ್ಯವೂ ಇಲ್ಲ.

ಎಂಜಿನ್ನಿನ ತಳದಲ್ಲಿರುವ ಎಣ್ಣೆಪಾತ್ರೆಯನ್ನು, ಅಂದರೆ ಸಂಪನ್ನು, ತಿರುಪು ಬಿಚ್ಚಿ ಬರಿದು ಮಾಡಬಹುದು. ಆದರೆ ಎಣ್ಣೆ ಅಲ್ಲಿ ಮಾತ್ರ ಇರುವುದಿಲ್ಲ. ಪಂಪಿನೊಳಗೆ, ಶೋಧಕದೊಳಗೆ, ಎಣ್ಣೆ ತಂಪಾಗುವ ಕೂಲರಿನೊಳಗೆ, ಟರ್ಬೋ ಇದ್ದರೆ ಅದರ ನಾಳಗಳಲ್ಲಿ, ಲೋಹದ ಒಳಗೆ ಕೊರೆದ ಕಿರುಗಾಲುವೆಗಳಲ್ಲಿ ಅದು ಅಂಟಿ ನಿಂತಿರುತ್ತದೆ. ಐದು ಲೀಟರ್ ಹಿಡಿಯುವ ಎಂಜಿನ್ನಿನಲ್ಲಿ ನಾಲ್ಕು ನೂರು ಮಿಲಿಲೀಟರ್ ಉಳಿಯಿತೆಂದು ಇಟ್ಟುಕೊಳ್ಳಿ. ಅದು ನೂರಕ್ಕೆ ಎಂಟು ಪಾಲು. ಮುಂದಿನ ಬದಲಾವಣೆಯಲ್ಲಿ ಆ ಎಂಟರಲ್ಲೂ ನೂರಕ್ಕೆ ಎಂಟು ಮಾತ್ರ ಉಳಿಯುತ್ತದೆ. ಅಂದರೆ ಒಂದು ಪಾಲಿಗಿಂತಲೂ ಕಡಿಮೆ. ವಿದ್ಯಾರ್ಥಿಗಳು ಲೆಕ್ಕ ಮುಂದುವರಿಸಿ ನೋಡಬಹುದು. ಹಳೆಯದು ರಾಶಿ ಬೀಳುತ್ತ ಹೋಗುವುದಿಲ್ಲ, ಕರಗುತ್ತ ಹೋಗುತ್ತದೆ.

ಇನ್ನು ಬಣ್ಣದ ಮಾತು. ಡೀಸೆಲ್ ಉರಿಯುವಾಗ ಮಸಿ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಭಾಗ ಪಿಸ್ಟನ್ ಬಳೆಗಳ ಪಕ್ಕದಿಂದ ನುಸುಳಿ ಎಣ್ಣೆಗೆ ಸೇರುತ್ತದೆ. ಮಸಿಯ ಕಣಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗಿ ತಳದಲ್ಲಿ ಕೂರದಂತೆ, ಬಿಡಿಬಿಡಿಯಾಗಿ ತೇಲಿಸಿ ಹಿಡಿದಿಡುವ ರಾಸಾಯನಿಕಗಳನ್ನು ಎಣ್ಣೆಗೆ ಮೊದಲೇ ಬೆರೆಸಿರುತ್ತಾರೆ. ಆದ್ದರಿಂದ ಡೀಸೆಲ್ ಎಂಜಿನ್ನಿನ ಎಣ್ಣೆ ಬೇಗ ಕಪ್ಪಾದರೆ ಅದು ತನ್ನ ಕೆಲಸ ಮಾಡುತ್ತಿದೆ ಎಂದೇ ತಿಳಿಯಬೇಕು. ಒಂದು ಹನಿಯನ್ನು ಒತ್ತುಕಾಗದದ ಮೇಲೆ ಬಿಟ್ಟು ಒಂದು ರಾತ್ರಿ ಇಡಿ. ಕಪ್ಪು ಬಣ್ಣ ನಡುವಿನಿಂದ ಅಂಚಿನವರೆಗೆ ತಿಳಿಯಾಗುತ್ತ ಹರಡಿದರೆ ಎಣ್ಣೆಗೆ ಇನ್ನೂ ಮಸಿಯನ್ನು ಹೊರುವ ಶಕ್ತಿಯಿದೆ. ನಡುವೆ ಗಟ್ಟಿ ಕಪ್ಪು ಬೊಟ್ಟು, ಸುತ್ತ ಬರೀ ಜಿಡ್ಡಿನ ವರ್ತುಲ ಕಂಡರೆ ಶಕ್ತಿ ಮುಗಿದಿದೆ. ಶಾಲೆಯ ಪ್ರಯೋಗಕ್ಕೆ ಒಳ್ಳೆಯ ವಸ್ತು ಇದು.

ಹಾಗೆಂದು ಹೇಗೆ ಬೇಕಾದರೂ ಬಸಿಯಬಹುದೆಂದಲ್ಲ. ಎಣ್ಣೆ ಬೆಚ್ಚಗಿದ್ದಾಗಲೇ ಬಸಿಯಬೇಕು. ತಣ್ಣಗಿನ ಎಣ್ಣೆ ಜೋನಿಬೆಲ್ಲದಂತೆ ನಿಧಾನ. ಮಸಿಯೂ ತಳಕ್ಕೆ ಇಳಿದಿರುತ್ತದೆ. ನಾಲ್ಕಾರು ಕಿಲೋಮೀಟರ್ ಓಡಿಸಿ ಬಂದು, ಎಂಜಿನ್ ನಿಲ್ಲಿಸಿ, ಕೈ ಸುಡದಷ್ಟು ಆರಲೆಂದು ಸ್ವಲ್ಪ ಹೊತ್ತು ಕಾಯಬೇಕು. ಮಲೆನಾಡಿನಲ್ಲಿ ಸಮತಟ್ಟಾದ ಜಾಗ ಹುಡುಕುವುದೇ ಕಷ್ಟ. ವಾಲಿಸಲೇಬೇಕಾಗಿ ಬಂದರೆ ತಿರುಪು ಇರುವ ಕಡೆಗೆ ತುಸು ವಾಲುವಂತೆ ನಿಲ್ಲಿಸಿ. ಬರೀ ಜಾಕಿನ ಮೇಲೆ ನಿಂತ ವಾಹನದ ಅಡಿಗೆ ಯಾರೂ ಹೋಗಬಾರದು. ಚಕ್ರಕ್ಕೆ ಅಡ್ಡ ಕಲ್ಲು, ಚಾಸಿಗೆ ಗಟ್ಟಿ ದಿಮ್ಮಿ ಇರಲೇಬೇಕು. ಮೇಲಿನ ಮುಚ್ಚಳ ತೆರೆದು ಅಳತೆಯ ಕಡ್ಡಿಯನ್ನೂ ಸಡಿಲಿಸಿದರೆ ಗಾಳಿ ಆಡಿ ಧಾರೆ ಸರಾಗವಾಗುತ್ತದೆ. ಧಾರೆ ಹನಿಯಾದ ಮೇಲೂ ಅರ್ಧ ಗಂಟೆ ಬಿಡಿ. ಇಡೀ ರಾತ್ರಿ ಬಿಟ್ಟರೆ ಇನ್ನೂ ಕೆಲವು ಚಮಚ ಸಿಕ್ಕೀತು, ಅಷ್ಟೆ. ಶೋಧಕವನ್ನು ಪ್ರತಿ ಸಲವೂ ಬದಲಿಸಬೇಕು. ಉಳಿಯುವ ಹಳೆಯ ಎಣ್ಣೆಯ ದೊಡ್ಡ ಪಾಲು ಅದರ ಹೊಟ್ಟೆಯಲ್ಲೇ ಇರುತ್ತದೆ. ತಿರುಪಿನ ತಾಮ್ರದ ಅಥವಾ ಅಲ್ಯೂಮಿನಿಯಂ ಬಿಲ್ಲೆಯನ್ನೂ ಹೊಸದು ಹಾಕಿ. ಹಳೆಯ ಬಿಲ್ಲೆಯಿಂದ ತೊಟ್ಟಿಕ್ಕುವ ಹನಿ ಮುಂದಿನ ಆರು ತಿಂಗಳು ನಿಮ್ಮ ಅಂಗಳದಲ್ಲೇ ಬೀಳುತ್ತದೆ.

ಪೂರ್ತಿ ಬರಲೇಬೇಕೆಂಬ ಹಟದಿಂದ ಕೆಲವರು ಡೀಸೆಲ್ಲನ್ನೋ ಸೀಮೆಎಣ್ಣೆಯನ್ನೋ ಸುರಿದು ಎಂಜಿನ್ ತೊಳೆಯುತ್ತಾರೆ. ಹಳೆಯ ಮೆಕ್ಯಾನಿಕ್‌ಗಳಲ್ಲಿ ಈ ರೂಢಿ ಇನ್ನೂ ಇದೆ. ನನ್ನ ಅಭಿಪ್ರಾಯದಲ್ಲಿ ಇದು ಎರಡು ಕಡೆಯಿಂದಲೂ ತಪ್ಪು. ತೊಳೆದ ದ್ರವವೂ ಪೂರ್ತಿ ಹೊರಬರುವುದಿಲ್ಲ. ಮೂಲೆಗಳಲ್ಲಿ ನಿಂತು ಹೊಸ ಎಣ್ಣೆಯನ್ನು ತೆಳುವಾಗಿಸಿ ಬೇರಿಂಗುಗಳನ್ನು ಸವೆಸುತ್ತದೆ. ಜೊತೆಗೆ ಐದು ಲೀಟರ್ ಕರಿಎಣ್ಣೆ ಇದ್ದಲ್ಲಿ ಏಳೆಂಟು ಲೀಟರ್ ಬೆರಕೆ ತ್ಯಾಜ್ಯ ಹುಟ್ಟುತ್ತದೆ. ಆ ಬೆರಕೆಯನ್ನು ಶುದ್ಧಿ ಮಾಡುವವರು ತೆಗೆದುಕೊಳ್ಳಲು ಹಿಂಜರಿಯುತ್ತಾರೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮದಡಿ ಬಂದ ಡೀಸೆಲ್ ಕಾರುಗಳಿಗೆ ಇನ್ನೊಂದು ಎಚ್ಚರಿಕೆಯಿದೆ. ಅವುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜರಡಿ ಇರುತ್ತದೆ. ಹಿಡಿದ ಮಸಿಯನ್ನು ಸುಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತದೆ. ಮನೆಯಿಂದ ಡೇರಿಯವರೆಗೆ ಮಾತ್ರ ಓಡಾಡುವ ಕಾರಿನಲ್ಲಿ ಈ ಕೆಲಸ ಅರ್ಧಕ್ಕೇ ನಿಂತು, ಆ ಡೀಸೆಲ್ಲಿನ ಒಂದಂಶ ಎಣ್ಣೆಗೆ ಇಳಿಯುತ್ತದೆ. ಕಡ್ಡಿಯಲ್ಲಿ ಎಣ್ಣೆಯ ಮಟ್ಟ ಏರುತ್ತಿದ್ದರೆ ಸಂತೋಷಪಡಬೇಡಿ. ಅವಧಿಗೆ ಕಾಯದೆ ಬದಲಿಸಿ.

ಯಂತ್ರದ ಮಾತು ಇಲ್ಲಿಗೆ ಸಾಕು. ಒಳಗೆ ಉಳಿದ ಸೌಟಿನಷ್ಟು ಎಣ್ಣೆಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವ ನಾವು, ಹೊರಗೆ ಬಂದ ನಾಲ್ಕೂವರೆ ಲೀಟರಿನ ಬಗ್ಗೆ ಕೇಳುವುದೇ ಇಲ್ಲ. ಅದು ಎಲ್ಲಿಗೆ ಹೋಯಿತು?

ನನ್ನ ಮನೆಯ ಉತ್ತರವನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಟಿಲ್ಲರಿನ ಎಣ್ಣೆ ಬದಲಿಸಿದ ನಾನು, ಕೊಟ್ಟಿಗೆಯ ಹಿಂದಿನ ಗುಂಡಿಗೆ ಹಳೆಯದನ್ನು ಸುರಿದು ಮೇಲೆ ಮಣ್ಣು ಎಳೆದೆ. ಡಾಕ್ಟರೇಟು ಪಡೆದ ಮಣ್ಣಿನ ವಿದ್ಯಾರ್ಥಿ ಮಾಡಿದ ಕೆಲಸವಿದು. ಮಣ್ಣು ಎಲ್ಲವನ್ನೂ ಅರಗಿಸಿಕೊಳ್ಳುತ್ತದೆ ಎಂಬ ಭರವಸೆ. ಬೇಸಿಗೆಯಿಡೀ ಏನೂ ಆಗಲಿಲ್ಲ. ಆಷಾಢದ ಜಡಿಮಳೆ ಹಿಡಿದು ವಾರವಾದ ಮೇಲೆ, ಅಬ್ಬಿಯಿಂದ ಪೈಪಿನಲ್ಲಿ ಇಳಿದು ಬರುವ ನಮ್ಮ ನೀರಿನ ತೊಟ್ಟಿಯಲ್ಲಿ ಕಾಮನಬಿಲ್ಲಿನ ಬಣ್ಣ ಕಾಣಿಸಿತು. ಅಡಿಗೆಗೆ ತುಂಬಿದ ಕೊಡದಿಂದ ವಾಸನೆ ಬರುತ್ತಿದೆಯೆಂದು ಮನೆಯವರು ಹೇಳಿದಾಗ ಪೈಪಿನ ರಬ್ಬರಿನದ್ದಿರಬೇಕೆಂದು ವಾದಿಸಿದವನೂ ನಾನೇ. ಮೂರನೆಯ ದಿನ ಪೈಪಿನ ದಾರಿ ಹಿಡಿದು ಮೇಲಕ್ಕೆ ಹೋದೆ. ಒರತೆಯ ಬಾಯಿಯಿಂದ ಆ ಗುಂಡಿ ಮೂವತ್ತು ಹೆಜ್ಜೆಯೂ ದೂರವಿರಲಿಲ್ಲ.

ನಡೆದದ್ದು ಇಷ್ಟು. ನಮ್ಮ ಜಂಬಿಟ್ಟಿಗೆ ಮಣ್ಣು ರಂಧ್ರಗಳ ಗೂಡು. ಬೇಸಿಗೆಯಲ್ಲಿ ಎಣ್ಣೆ ಅದರೊಳಗೆ ಇಳಿಯುತ್ತದೆ. ನೀರಿಗಿಂತ ಹಗುರವಾದ್ದರಿಂದ ಮಳೆಗಾಲದಲ್ಲಿ ಅಂತರ್ಜಲ ಏರಿದಂತೆ ಅದರ ತಲೆಯ ಮೇಲೆ ಕುಳಿತು ತಾನೂ ಏರುತ್ತದೆ. ನೀರು ಎಲ್ಲಿ ಬೆಟ್ಟದ ಮೈ ಸೀಳಿ ಹೊರಬರುತ್ತದೆಯೋ ಅಲ್ಲಿ ಎಣ್ಣೆಯೂ ಹೊರಬರುತ್ತದೆ. ಬಯಲುಸೀಮೆಯವರ ಕೊಳವೆಬಾವಿಗೆ ಇಳಿಯಲು ಅದಕ್ಕೆ ಬಹಳ ಕಾಲ ಹಿಡಿದೀತು. ನಮಗೆ ಒಂದು ಮಳೆಗಾಲ ಸಾಕು.

ಇಲ್ಲಿ ಒಂದು ಉಪಕತೆ. ಮಲೆನಾಡಿನ ಎಷ್ಟೋ ಒರತೆಗಳಲ್ಲಿ ಎಣ್ಣೆಯೇ ಇಲ್ಲದೆ ಬಣ್ಣದ ಪೊರೆ ಕಾಣುತ್ತದೆ. ಕಬ್ಬಿಣದ ಅಂಶವುಳ್ಳ ನೀರಿನಲ್ಲಿ ಬದುಕುವ ಬ್ಯಾಕ್ಟೀರಿಯಗಳ ಕೆಲಸ ಅದು. ಕೆಳಗೆ ತುಕ್ಕು ಬಣ್ಣದ ಲೋಳೆ ಇರುತ್ತದೆ. ಅದರಿಂದ ಗಾಬರಿಯಾಗಬೇಕಿಲ್ಲ. ಒಂದು ಕಡ್ಡಿಯಿಂದ ಪೊರೆಯನ್ನು ಕಲಕಿ ನೋಡಿ. ಒಡೆದ ಗಾಜಿನಂತೆ ಚೂರುಚೂರಾಗಿ ಹಾಗೆಯೇ ನಿಂತರೆ ಬ್ಯಾಕ್ಟೀರಿಯದ ಪೊರೆ. ಕಡ್ಡಿ ತೆಗೆದೊಡನೆ ಸುತ್ತಿ ಬಂದು ಮತ್ತೆ ಕೂಡಿಕೊಂಡರೆ ಎಣ್ಣೆ. ನನ್ನ ತೊಟ್ಟಿಯದು ಕೂಡಿಕೊಂಡಿತು.

ನೀರಿನ ಮೇಲೆ ಎಣ್ಣೆ ಎಷ್ಟು ತೆಳುವಾಗಿ ಹರಡುತ್ತದೆಂಬುದನ್ನು ಅಂಕಿಗಳಲ್ಲಿ ನೋಡೋಣ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ಕಾಮನಬಿಲ್ಲಿನ ಬಣ್ಣ ಕಾಣಲು 0.3 ಮೈಕ್ರಾನ್ ದಪ್ಪದ ಪೊರೆ ಸಾಕು. ಆ ದಪ್ಪದಲ್ಲಿ ಹರಡಿದರೆ ಒಂದು ಲೀಟರ್ ಎಣ್ಣೆ ಸುಮಾರು 3,300 ಚದರ ಮೀಟರ್ ನೀರನ್ನು, ನಮ್ಮ ಭಾಷೆಯಲ್ಲಿ 33 ಗುಂಟೆಯ ಕೆರೆಯನ್ನು, ಮುಚ್ಚುತ್ತದೆ. ಒಂದು ಜೀಪಿನ ಐದು ಲೀಟರಿಗೆ ನಾಲ್ಕು ಎಕರೆ. ಪೊರೆ ದಪ್ಪವಾದಷ್ಟೂ ಗಾಳಿಯ ಆಮ್ಲಜನಕ ನೀರಿಗೆ ಇಳಿಯುವುದು ಕಷ್ಟವಾಗುತ್ತದೆ. ಮೀನಿನ ಕಿವಿರಿಗೂ ಕಪ್ಪೆಯ ಮೊಟ್ಟೆಗೂ ಜಿಡ್ಡು ಹತ್ತುತ್ತದೆ. ಮಳೆಗಾಲದ ಮೊದಲ ವಾರಗಳಲ್ಲೇ ನಮ್ಮ ಕಪ್ಪೆಗಳು ಮೊಟ್ಟೆಯಿಡುತ್ತವೆ, ಬೇಸಿಗೆಯಿಡೀ ಅಂಗಳದಲ್ಲಿ ಸಂಗ್ರಹವಾದ ಜಿಡ್ಡೆಲ್ಲ ಹಳ್ಳಕ್ಕೆ ಇಳಿಯುವುದೂ ಅದೇ ವಾರಗಳಲ್ಲಿ. ಒಂದೇ ಬದಲಾವಣೆಯ ಹಳೆಯ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ತನ್ನ ಜನರಿಗೆ ಹೇಳುತ್ತ ಬಂದಿದೆ. ಅಷ್ಟೂ ನೀರು ವಿಷವಾಗುತ್ತದೆಂದು ಅದರ ಅರ್ಥವಲ್ಲ; ಬಳಸಲು ಯೋಗ್ಯವಾಗಿ ಉಳಿಯುವುದಿಲ್ಲ ಎಂದು ತಿಳಿಯಬೇಕು.

ಮಣ್ಣಿನಲ್ಲಿ ಏನಾಗುತ್ತದೆ? ಎಣ್ಣೆಯ ತೂಕದಲ್ಲಿ ನೂರಕ್ಕೆ ಸುಮಾರು 85 ಪಾಲು ಇಂಗಾಲ, ಸಾರಜನಕ ಇಲ್ಲವೆಂಬಷ್ಟು ಕಡಿಮೆ. ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಎಣ್ಣೆಯನ್ನು ತಿನ್ನಬಲ್ಲವು ಇವೆ, ನಿಜ. ಆದರೆ ಅವು ಮೈ ಬೆಳೆಸಿಕೊಳ್ಳಲು ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಗಿಡಕ್ಕೆ ಸಿಗಬೇಕಾದದ್ದು ಅವಕ್ಕೆ ಹೋಗುತ್ತದೆ; ಎಲೆ ಹಳದಿಯಾಗುತ್ತದೆ. ಇತ್ತ ಜಿಡ್ಡು ಮೆತ್ತಿದ ಮಣ್ಣಿನ ಕಣ ನೀರನ್ನು ಹೀರುವುದನ್ನು ಬಿಟ್ಟು ಕೆಸುವಿನೆಲೆಯಂತೆ ಜಾರಿಸುತ್ತದೆ. ಸೂಕ್ಷ್ಮಜೀವಿಗಳು ಕಾಲಾಂತರದಲ್ಲಿ ಇಂಗಾಲವನ್ನು ಮುಗಿಸಿಯಾವು. ಆದರೆ ಸವೆತ ತಡೆಯಲು ಎಣ್ಣೆಗೆ ಬೆರೆಸಿದ ಸತು, ಬೇರಿಂಗುಗಳಿಂದ ಸವೆದು ಬಂದ ತಾಮ್ರ, ಸೀಸಗಳನ್ನು ಯಾವ ಜೀವಿಯೂ ತಿಂದು ಮುಗಿಸಲಾರದು. ಅವು ಇದ್ದಲ್ಲೇ ಇರುತ್ತವೆ, ಇಲ್ಲವೇ ಮಳೆಯೊಂದಿಗೆ ಕೆಳಗಿನ ತೋಟಕ್ಕೆ ಇಳಿಯುತ್ತವೆ. ಗುಂಡಿಯ ಮಣ್ಣನ್ನು ನಾನು ಅಗೆದು ತೆಗೆದು, ಒರತೆಯಿಂದ ದೂರ ಸೂರಿನ ಕೆಳಗೆ ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿ, ಕೊಟ್ಟಿಗೆ ಗೊಬ್ಬರ ಬೆರೆಸಿ ಆಗಾಗ ಮಗುಚಿ ಹಾಕಿದೆ. ಗೊಬ್ಬರದ ಸಾರಜನಕ ಮತ್ತು ಗಾಳಿ ಸಿಕ್ಕರೆ ಜೀವಿಗಳ ಕೆಲಸ ಚುರುಕಾಗುತ್ತದೆ. ಆ ಮಣ್ಣನ್ನು ಇಂದಿಗೂ ಬೆಳೆಗೆ ಬಳಸಿಲ್ಲ.

ನಮ್ಮೂರುಗಳಲ್ಲಿ ಕರಿಎಣ್ಣೆಯನ್ನು ಚೆಲ್ಲುವವರು ಕಡಿಮೆ, ಬಳಸುವವರೇ ಹೆಚ್ಚು. ನಾವು ಯಾವುದನ್ನೂ ವ್ಯರ್ಥ ಮಾಡುವವರಲ್ಲ ಎಂಬ ಮಾತು ಈಗ ಬರುತ್ತದೆಂದು ಬಲ್ಲೆ. ಗೆದ್ದಲು ಹತ್ತದಂತೆ ಬೇಲಿಗೂಟಕ್ಕೆ ಬಳಿಯುತ್ತೇವೆ, ಕೊಟ್ಟಿಗೆಯ ತೊಲೆಗೆ ಬಳಿಯುತ್ತೇವೆ, ಕತ್ತಿ ಗುದ್ದಲಿಗಳಿಗೆ ಸವರುತ್ತೇವೆ. ಅಡಿಕೆ ಬೇಯಿಸುವ ಒಲೆ ಹೊತ್ತಿಸಲು ಬಳಸುವವರನ್ನೂ ಕಂಡಿದ್ದೇನೆ. ದನದ ಗಾಯಕ್ಕೆ ಹಚ್ಚುವವರೂ ಇದ್ದಾರೆ. ಈ ಉಳಿತಾಯ ಬುದ್ಧಿಯನ್ನು ನಾನು ಗೌರವಿಸುತ್ತೇನೆ. ಆದರೆ ವಸ್ತುವನ್ನು ಅರಿತು ಉಳಿತಾಯ ಮಾಡಬೇಕು. ಎಂಜಿನ್ನಿನೊಳಗೆ ಉರಿಯ ಪಕ್ಕದಲ್ಲಿ ತಿರುಗಿದ ಎಣ್ಣೆಯಲ್ಲಿ ಬೆಂಜೋಪೈರೀನಿನಂಥ ಬಹುವರ್ತುಲ ಹೈಡ್ರೋಕಾರ್ಬನ್ನುಗಳು ಸೇರುತ್ತವೆ. ಬೆಂಜೋಪೈರೀನ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದೆ. ಪೆಟ್ರೋಲ್ ಎಂಜಿನ್ನಿನ ಹಳೆಯ ಎಣ್ಣೆಯಲ್ಲಿ ಇವು ಹೆಚ್ಚು, ಡೀಸೆಲ್ಲಿನದರಲ್ಲಿ ಕಡಿಮೆ. ಈ ವ್ಯತ್ಯಾಸವನ್ನೂ ಹೇಳಬೇಕು. ಆದರೆ ಗ್ಯಾರೇಜಿನ ಡಬ್ಬಿಯಲ್ಲಿ ಎರಡೂ ಬೆರೆತೇ ಇರುತ್ತವೆ. ಬರಿಗೈಯಲ್ಲಿ ಗೂಟಕ್ಕೆ ಬಳಿದು ಅದೇ ಕೈಯಲ್ಲಿ ಎಲೆ ಅಡಿಕೆ ಹಾಕುವ ನಮ್ಮ ಅಭ್ಯಾಸ ನೆನೆದರೆ ನನಗೆ ಭಯವಾಗುತ್ತದೆ.

ಗೂಟದ ಗೆದ್ದಲಿಗೆ ನಮ್ಮ ಹಿರಿಯರ ಉಪಾಯಗಳೇ ಇವೆ. ನೆಲದೊಳಗೆ ಹೋಗುವ ಭಾಗವನ್ನು ಬೆಂಕಿಯಲ್ಲಿ ಹದವಾಗಿ ಕರಿ ಮಾಡಿ ಹೂಳುವುದು ಒಂದು. ಕರಾವಳಿಯವರು ದೋಣಿಗೂ ಬಲೆಗೂ ಬಳಿಯುತ್ತಿದ್ದ ಗೇರುಸಿಪ್ಪೆಯ ಎಣ್ಣೆ ಇನ್ನೊಂದು. ಅದು ಚರ್ಮಕ್ಕೆ ತಾಗಿದರೆ ಬೊಬ್ಬೆ ಬರುತ್ತದೆ, ಆದ್ದರಿಂದ ಕೈಗವಸು ಬೇಕು. ಸತ್ತ ಗೂಟದ ಬದಲು ಗೊಬ್ಬರದ ಗಿಡದ ಜೀವಂತ ಗೂಟವನ್ನೇ ನೆಟ್ಟರೆ ಬಳಿಯುವ ಪ್ರಶ್ನೆಯೇ ಇಲ್ಲ, ತೋಟಕ್ಕೆ ಸೊಪ್ಪೂ ಸಿಕ್ಕಿತು.

ಕುದುರೆಮುಖದ ಗಣಿಯ ಹೂಳು ಭದ್ರೆಗೆ ಇಳಿಯುತ್ತಿದ್ದ ದಿನಗಳಲ್ಲಿ ನಾನು ವಿದ್ಯಾರ್ಥಿ. 2002ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದು, 2005ರ ಕೊನೆಗೆ ಗಣಿಗಾರಿಕೆ ನಿಂತಾಗ ನಮ್ಮ ಹಾಸ್ಟೆಲ್ಲಿನಲ್ಲಿ ಸಿಹಿ ಹಂಚಿದ್ದೆವು. ಎದುರಾಳಿ ಎದ್ದು ಕಾಣುತ್ತಿದ್ದ ಹೋರಾಟ ಅದು. ಕೊಟ್ಟಿಗೆಯ ಹಿಂದಿನ ಗುಂಡಿಯ ವಿಚಾರದಲ್ಲಿ ಘೋಷಣೆ ಕೂಗಲು ಎದುರಿಗೆ ಯಾರೂ ಇಲ್ಲ. ನಮ್ಮ ಸಭೆಗಳಲ್ಲಿ ಇದರ ಚರ್ಚೆ ಇಷ್ಟು ತಡವಾಗಿ ಬಂದದ್ದಕ್ಕೆ ಇದೂ ಒಂದು ಕಾರಣವಿರಬಹುದು.

ಕಾನೂನು ಇದೆಯೇ ಎಂದರೆ, ಇದೆ. ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯವೆಂದು 2016ರ ನಿಯಮಗಳು ಹೇಳುತ್ತವೆ. 2023ರಲ್ಲಿ ಆ ನಿಯಮಗಳಿಗೆ ತಿದ್ದುಪಡಿ ತಂದು, ಎಣ್ಣೆ ತಯಾರಿಸುವವರ ಮತ್ತು ಆಮದು ಮಾಡುವವರ ಮೇಲೆಯೇ ಹಳೆಯ ಎಣ್ಣೆಯ ಮರುಬಳಕೆಯ ಹೊಣೆ ಹೊರಿಸಲಾಯಿತು. 2024ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದಿದೆ. ಹೊಣೆ ಹೊರಿಸಿದ ಮಾತ್ರಕ್ಕೆ ನಮ್ಮ ಹಳ್ಳಿಯ ತಿರುವಿಗೆ ಸಂಗ್ರಹದ ಗಾಡಿ ಬಂದುಬಿಡುವುದಿಲ್ಲ. ಆದರೂ ಆ ಎಣ್ಣೆಗೆ ಬೆಲೆಯಿದೆ ಎಂಬುದನ್ನು ಗಮನಿಸಬೇಕು. ಎಣ್ಣೆ ಸವೆಯುವುದಕ್ಕಿಂತ ಹೆಚ್ಚಾಗಿ ಕೊಳೆಯಾಗುತ್ತದೆ. ನೀರನ್ನು ಬೇರ್ಪಡಿಸಿ, ನಿರ್ವಾತದಲ್ಲಿ ಬಟ್ಟಿ ಇಳಿಸಿ, ಶುದ್ಧಿ ಮಾಡಿದರೆ ಮತ್ತೆ ಮೂಲ ಎಣ್ಣೆ ದೊರೆಯುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಇಂಥ ಘಟಕಗಳಿಗೆ ಕಳುಹಿಸುವ ಗ್ಯಾರೇಜು ಯಾವುದೆಂದು ಪೇಟೆಯಲ್ಲಿ ವಿಚಾರಿಸಿ ಕೊಡಬೇಕು. ಬಾಯಿಮಾತಿನಲ್ಲಿ ಕೊಂಡು ಇಟ್ಟಿಗೆ ಗೂಡಿಗೆ ಸುರಿಯುವವರಿಗಲ್ಲ. ಹೊಸ ಎಣ್ಣೆಯ ಖಾಲಿ ಡಬ್ಬಿಗೆ ತೂತು ಮಾಡಿಯೇ ಗುಜರಿಗೆ ಹಾಕಿ. ಹಾಗೆಯೇ ಬಿಟ್ಟರೆ ಸೋಸಿದ ಹಳೆಯ ಎಣ್ಣೆ ಅದೇ ಡಬ್ಬಿಯಲ್ಲಿ ಹೊಸದಾಗಿ ನಿಮ್ಮಲ್ಲಿಗೇ ಮರಳಿ ಬಂದೀತು.

ಮನೆಯಲ್ಲಿ ಬಸಿಯುವಾಗ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಅಗಲ ಬಾಯಿಯ ತಟ್ಟೆ ಇಡಿ. ತಟ್ಟೆ ಎಂಜಿನ್ ಹಿಡಿಯುವುದಕ್ಕಿಂತ ದೊಡ್ಡದಿರಲಿ. ತಿರುಪು ಬಿಚ್ಚಿದೊಡನೆ ಬಿಸಿ ಧಾರೆ ಎರಡು ಗೇಣು ದೂರಕ್ಕೆ ಹಾರುತ್ತದೆ, ಆಮೇಲೆ ನೇರವಾಗುತ್ತದೆ. ನೆಲಕ್ಕೆ ಬೀಳುವುದರಲ್ಲಿ ಹೆಚ್ಚಿನದು ಆ ಮೊದಲ ಕ್ಷಣದ್ದು. ಹಳೆಯ ಶೋಧಕವನ್ನು ಬಾಯಿ ಕೆಳಗೆ ಮಾಡಿ, ನೆತ್ತಿಗೆ ಒಂದು ತೂತು ಹೊಡೆದು, ಒಂದು ರಾತ್ರಿ ಡಬ್ಬಿಯ ಮೇಲೆ ನಿಲ್ಲಿಸಿ. ಚೆಲ್ಲಿದ್ದಕ್ಕೆ ನೀರು ಹಾಕಿ ತೊಳೆಯಬೇಡಿ, ಸೋಪಿನ ಪುಡಿಯಂತೂ ಬೇಡವೇ ಬೇಡ. ಅದು ಎಣ್ಣೆಯನ್ನು ಇಲ್ಲವಾಗಿಸುವುದಿಲ್ಲ, ಹಳ್ಳಕ್ಕೆ ಸುಲಭವಾಗಿ ಸಾಗಿಸುತ್ತದೆ. ಮರದ ಹೊಟ್ಟನ್ನೋ ಭತ್ತದ ಹೊಟ್ಟನ್ನೋ ಉದುರಿಸಿ, ಹೀರಿದ ಮೇಲೆ ಗುಡಿಸಿ, ಬೇರೆ ಚೀಲದಲ್ಲಿ ಕಟ್ಟಿಡಿ. ಆ ಹೊಟ್ಟನ್ನೂ ಒರೆಸಿದ ಬಟ್ಟೆಯನ್ನೂ ಬಚ್ಚಲ ಒಲೆಗೆ ಹಾಕಬೇಡಿ.

ನಮ್ಮ ಮನೆಯ ಜಗಲಿಯ ಕೆಳಗೆ, ಮಳೆ ತಾಗದ ಕಡೆ, ಇಪ್ಪತ್ತು ಲೀಟರಿನ ಎರಡು ಕ್ಯಾನುಗಳನ್ನು ಇಟ್ಟಿದ್ದೇನೆ. ನೆರೆಯ ನಾಲ್ಕು ಮನೆಗಳ ಎಣ್ಣೆ ಈಗ ಅಲ್ಲಿಗೇ ಬರುತ್ತದೆ. ತುಂಬಿದಾಗ ಪೇಟೆಗೆ ಹೋಗುವ ಜೀಪಿನಲ್ಲಿ ಕಳುಹಿಸುತ್ತೇವೆ. ಇಲ್ಲಿ ಬಂದಿರುವ ಹತ್ತಿರದವರೂ ತರಬಹುದು. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ನೀರು, ಬ್ರೇಕ್ ಎಣ್ಣೆ, ಸೀಮೆಎಣ್ಣೆ ಬೆರೆತದ್ದಾದರೆ ಬೇರೆ ಡಬ್ಬಿಯಲ್ಲಿ ತಂದು ಮೊದಲೇ ಹೇಳಿಬಿಡಿ. ಒಬ್ಬರ ಬೆರಕೆಯಿಂದ ಇಪ್ಪತ್ತು ಲೀಟರೂ ಕೆಡುತ್ತದೆ. ದೂರದ ಊರಿನವರು ತಮ್ಮಲ್ಲೇ ಇಂಥದೊಂದು ಜಾಗ ಗುರುತಿಸುವುದಾದರೆ, ಅದು ಒರತೆಗಿಂತ ಕೆಳಗಿರಲಿ, ಮೇಲೆ ಸೂರಿರಲಿ, ಕೆಳಗೆ ಸಿಮೆಂಟಿನ ನೆಲವಿರಲಿ. ಮೊದಲ ಕ್ಯಾನು ಕೊಡಲು ನಾನು ಸಿದ್ಧನಿದ್ದೇನೆ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಬಹುದು.